ನಿಂತ ಕಾಯಕ, ಮಿಕ್ಕ ಅಕ್ಕಿ





ಆಯ್ದಕ್ಕಿ ಲಕ್ಕಮ್ಮ ತಾಯಿಯವರ ಚರಿತೆ ನಮ್ಮ ಮಠದ ಭಕ್ತರಿಗೆಲ್ಲ ತಿಳಿದದ್ದೇ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮ ದಾಸೋಹ ನಡೆಸುತ್ತಿದ್ದ ಮಾರಯ್ಯನವರು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದರು. ಲಕ್ಕಮ್ಮನವರು ಅದನ್ನು ಒಲ್ಲದೆ, ಮಿಕ್ಕುದನ್ನು ಅಲ್ಲಿಯೇ ಸುರಿದು ಬರುವಂತೆ ಪತಿಯನ್ನು ಹಿಂದಕ್ಕೆ ಕಳುಹಿದರು. ಈ ಪ್ರಸಂಗವನ್ನು ಪ್ರವಚನಗಳಲ್ಲಿ ಎಲ್ಲರೂ ಹೇಳುತ್ತಾರೆ. ಆದರೆ ಇದೇ ತಾಯಿ ಇನ್ನೊಂದು ಸಂದರ್ಭದಲ್ಲಿ, ಅಲ್ಲಮಪ್ರಭುಗಳೊಡನೆ ಅನುಭಾವ ಗೋಷ್ಠಿಯಲ್ಲಿ ಮೈಮರೆತು ಕುಳಿತ ಮಾರಯ್ಯನವರನ್ನು ಕಾಯಕ ನಿಂತುಹೋಗಿದೆಯೆಂದು ಎಚ್ಚರಿಸಿ ಎಬ್ಬಿಸಿದ್ದನ್ನು ಅಷ್ಟಾಗಿ ನೆನೆಯುವುದಿಲ್ಲ. ನಿಲ್ಲಿಸಬೇಡ ಎಂದವರೂ ಅವರೇ, ಮಿತಿ ಮೀರಬೇಡ ಎಂದವರೂ ಅವರೇ. ಇವೆರಡನ್ನೂ ಜೊತೆಯಲ್ಲಿಟ್ಟು ಓದಬೇಕೆಂಬುದು ನನಗೆ ಯಾವುದೋ ಗ್ರಂಥದಿಂದ ಹೊಳೆದದ್ದಲ್ಲ. ನಮ್ಮ ಮಠದ ದಾಸೋಹ ಮನೆಯಲ್ಲಿ ಸೇವೆ ಮಾಡುವ ಒಬ್ಬ ಯುವಕನಿಂದ ಹೊಳೆದದ್ದು.

ಈ ತರುಣ ರೈತನ ಮಗ. ಟ್ರ್ಯಾಕ್ಟರ್ ನಡೆಸುತ್ತಿದ್ದವನು, ಪ್ರತಿ ಅಮಾವಾಸ್ಯೆಯ ದಾಸೋಹಕ್ಕೆ ಬಂದು ಎರಡೂ ಕೈಗಳಲ್ಲಿ ಸಾರಿನ ಬಕೆಟ್ಟುಗಳನ್ನು ಹಿಡಿದು ಪಂಕ್ತಿಯ ನಡುವೆ ಓಡಾಡುತ್ತಿದ್ದವನು. ಮೂರು ವರ್ಷಗಳ ಹಿಂದೆ ಒಂದು ಸಂಜೆ ಬೈಕಿನಿಂದ ಬಿದ್ದ. ಭುಜ ಒಂದು ಕಡೆಗೆ, ಕುತ್ತಿಗೆ ಇನ್ನೊಂದು ಕಡೆಗೆ ಜಗ್ಗಿ, ಎಡಗೈಗೆ ಹೋಗುವ ನರಗಳು ಹರಿದವು. ಎಲುಬು ಮುರಿದಿರಲಿಲ್ಲ, ಗಾಯವೂ ದೊಡ್ಡದಿರಲಿಲ್ಲ. ಆದರೂ ಕೈ ಭುಜದಿಂದ ಬೆರಳಿನವರೆಗೆ ಜೋತುಬಿದ್ದಿತು. ಹೊರಗೆ ಏನೂ ಕಾಣದ ಕಾರಣ ಮನೆಯವರು ನಾಟಿ ಕಟ್ಟು ಕಟ್ಟಿಸಿ, ಅಲುಗಾಡಿಸಬೇಡವೆಂದು ಎರಡು ತಿಂಗಳು ಮಲಗಿಸಿದರು. ಆ ಎರಡು ತಿಂಗಳಲ್ಲಿ ಭುಜದ ಕೀಲು ಬಿಗಿದುಕೊಂಡಿತು. ಬಿಸಿ ಇಟ್ಟಿಗೆಯ ಶಾಖ ಕೊಟ್ಟಾಗ ಮೊಣಕೈ ಕೆಳಗೆ ಬೊಬ್ಬೆ ಎದ್ದಿತು. ಸ್ಪರ್ಶವಿಲ್ಲದ ಕೈಗೆ ಸುಟ್ಟದ್ದು ತಿಳಿಯಲಿಲ್ಲ.

ಇಲ್ಲಿ ಶರೀರಶಾಸ್ತ್ರದ ನಾಲ್ಕು ಮಾತುಗಳನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಕೈಯ ಚಲನೆಗೂ ಸ್ಪರ್ಶಕ್ಕೂ ಕಾರಣವಾದ ನರಗಳು ಕುತ್ತಿಗೆಯ ಬಳಿ ಬೆನ್ನುಹುರಿಯಿಂದ ಐದು ಬೇರುಗಳಾಗಿ ಹೊರಟು, ಕೊರಳೆಲುಬಿನ ಹಿಂದೆ ಹೆಣೆದುಕೊಂಡು, ಕಂಕುಳ ಮಾರ್ಗವಾಗಿ ಕೈಗೆ ಇಳಿಯುತ್ತವೆ. ಈ ಹೆಣಿಗೆಗೆ ವೈದ್ಯರು ಬ್ರೇಕಿಯಲ್ ಪ್ಲೆಕ್ಸಸ್ ಎನ್ನುತ್ತಾರೆ. ನಮ್ಮ ದೇಶದಲ್ಲಿ ಇದಕ್ಕೆ ಪೆಟ್ಟಾಗುವುದು ಬಹುಮಟ್ಟಿಗೆ ದ್ವಿಚಕ್ರ ವಾಹನಗಳ ಅಪಘಾತದಿಂದ. ನರ ಕೇವಲ ಜಗ್ಗಿದ್ದರೆ ಕೆಲವು ವಾರಗಳಲ್ಲಿ ತಾನೇ ಚೇತರಿಸಿಕೊಳ್ಳಬಹುದು. ಒಳಗಿನ ಎಳೆ ಕಡಿದು ಹೊರಗಿನ ಹೊದಿಕೆ ಉಳಿದಿದ್ದರೆ ಎಳೆ ಮತ್ತೆ ಬೆಳೆಯುತ್ತದೆ, ಆದರೆ ದಿನಕ್ಕೆ ಸುಮಾರು 1 ಮಿಲಿಮೀಟರ್ ಮಾತ್ರ. ಬೇರೇ ಬೆನ್ನುಹುರಿಯಿಂದ ಕಿತ್ತುಬಂದಿದ್ದರೆ ತಾನಾಗಿ ಕೂಡುವುದಿಲ್ಲ. ಬೇರೆ ಕಡೆಯ ನರವನ್ನು ತಂದು ಜೋಡಿಸುವ ಶಸ್ತ್ರಚಿಕಿತ್ಸೆ ಬೇಕು. ಅದನ್ನು ಪೆಟ್ಟಾದ 3ರಿಂದ 6 ತಿಂಗಳೊಳಗೆ ಮಾಡಿದರೆ ಒಳಿತು. ವರ್ಷ ದಾಟಿತೆಂದರೆ, ನರದ ಆಜ್ಞೆಯಿಲ್ಲದೆ ಒಣಗಿದ ಸ್ನಾಯು ಆಜ್ಞೆ ಬಂದರೂ ಸ್ವೀಕರಿಸಲಾರದ ಸ್ಥಿತಿಗೆ ಹೋಗುತ್ತದೆ. ಆದುದರಿಂದ, ಎಲುಬು ಮುರಿದಿಲ್ಲವೆಂದು ಸಮಾಧಾನಪಟ್ಟು ಜೋತುಬಿದ್ದ ಕೈಯನ್ನು ಮನೆಯಲ್ಲಿಟ್ಟುಕೊಂಡು ಕೂರಬೇಡಿರೆಂದು ಭಕ್ತರಲ್ಲಿ ನನ್ನ ಕಳಕಳಿಯ ಪ್ರಾರ್ಥನೆ.

ನಮ್ಮ ತರುಣನಿಗೆ ಐದನೆಯ ತಿಂಗಳಲ್ಲಿ ಬೆಂಗಳೂರಿನಲ್ಲಿ ಶಸ್ತ್ರಚಿಕಿತ್ಸೆ ಆಯಿತು. ಪಕ್ಕೆಲುಬುಗಳ ನಡುವಿನ ನರಗಳನ್ನು ತಿರುಗಿಸಿ ತೋಳಿನ ಸ್ನಾಯುವಿನ ನರಕ್ಕೆ ಜೋಡಿಸಿದರು. ಊರಿಗೆ ಬಂದ ಮೇಲೆ ಅವನು ಮೊದಲು ಮಠಕ್ಕೆ ಬಂದು ಕೇಳಿದ ಪ್ರಶ್ನೆ ಕೈ ಎಂದು ಸರಿಹೋಗುವುದೆಂಬುದಲ್ಲ.

“ಸರ್, ಎಡಗೈ ಎತ್ತಾಕ ಬರಂಗಿಲ್ಲ. ಲಿಂಗ ಎಲ್ಲಿ ಇಟಗೊಂಡು ಪೂಜಾ ಮಾಡ್ಲಿ?”

ಲಿಂಗವಂತನಿಗೆ ಇದು ಸಣ್ಣ ಪ್ರಶ್ನೆಯಲ್ಲ. ಎಡದ ಅಂಗೈಯೇ ನಮಗೆ ಪೀಠ. ಬಲಗೈ ಅಲ್ಲಿ ಪೂಜಿಸುವ ಕೈ. ಗುಡಿಯನ್ನು ಹೊರಗೆ ಕಟ್ಟದೆ ದೇಹವನ್ನೇ ದೇಗುಲವಾಗಿಸಿಕೊಂಡ ಧರ್ಮದಲ್ಲಿ ಆ ದೇಗುಲದ ಒಂದು ಭಾಗವೇ ಕುಸಿದಾಗ ಭಕ್ತನು ಎಲ್ಲಿಗೆ ಹೋಗಬೇಕು? ಐದು ತಿಂಗಳಿಂದ ಅವನು ಪೂಜೆಯನ್ನೇ ಬಿಟ್ಟಿದ್ದನು. ಲಿಂಗವನ್ನು ಮಣೆಯ ಮೇಲಿಟ್ಟು ಪೂಜಿಸಬಹುದೆಂದು ನಾನು ಏನೋ ಪಾಂಡಿತ್ಯದ ಉತ್ತರ ಹೇಳಲು ಹೊರಟಿದ್ದೆ. ಅಷ್ಟರಲ್ಲಿ ಪೂಜ್ಯ ಅಪ್ಪಗಳು ಹೇಳಿದರು: “ಬಲಗೈಲೆ ಎಡಗೈ ಎತ್ತಿ ತೊಡಿ ಮ್ಯಾಲ ಇಟಗೋ. ಒಂದೊಂದ ಬೆರಳು ಬಿಡಿಸು. ಆಮ್ಯಾಲ ಅದರಾಗ ಲಿಂಗ ಇಡು. ಅವಸರ ಮಾಡಬ್ಯಾಡ.”

ಮರುದಿನದಿಂದ ಹಾಗೆಯೇ ನಡೆಯಿತು. ಮೊಣಕೈ ಕೆಳಗೆ ಮಡಿಚಿದ ವಸ್ತ್ರ. ಬಲಗೈಯಿಂದ ಎಡಗೈಯನ್ನು ಎತ್ತುವುದು, ಮಣಿಕಟ್ಟನ್ನು ತಿರುಗಿಸಿ ಅಂಗೈಯನ್ನು ಮೇಲ್ಮುಖ ಮಾಡುವುದು, ಮುದುಡಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸುವುದು, ಆಮೇಲೆ ಲಿಂಗಧಾರಣೆ, ದೃಷ್ಟಿಯಿಟ್ಟು ನೋಡುವುದು. ಕೆಲವು ದಿನಗಳ ನಂತರ ಅವನ ಫಿಸಿಯೋಥೆರಪಿಯ ಚೀಟಿಯನ್ನು ನಾನು ನೋಡಿದೆ. ಆರೋಗ್ಯವಾಗಿರುವ ಕೈಯಿಂದ ಪೆಟ್ಟಾದ ಕೈಯ ಪ್ರತಿಯೊಂದು ಕೀಲನ್ನೂ ದಿನಕ್ಕೆ ಹಲವು ಬಾರಿ ನಿಧಾನವಾಗಿ ಮಡಿಚಿ ಬಿಡಿಸಬೇಕು. ಕೈಯನ್ನು ಕಣ್ಣಾರೆ ನೋಡುತ್ತ ಅದು ಚಲಿಸುವುದನ್ನು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಬೇಕು ಎಂದಿತ್ತು. ನರ ಬೆಳೆದು ಬರುವ ತನಕ ಕೀಲುಗಳು ಬಿಗಿಯದಂತೆ ಕಾಯ್ದುಕೊಳ್ಳುವುದೇ ಈ ಕಾಲದ ಮುಖ್ಯ ಕೆಲಸ. ಅರಸ ಬರುವ ದಾರಿಯನ್ನು ಮುಂಚಿತವಾಗಿ ಗುಡಿಸಿಟ್ಟ ಹಾಗೆ.

ಪೂಜೆಯಿಂದ ನರ ಕೂಡಿತೆಂದು ನಾನು ಬರೆಯುತ್ತಿಲ್ಲ. ಹಾಗೆ ಬರೆದರೆ ಶರಣರಿಗೂ ಅಪಚಾರ, ವೈದ್ಯರಿಗೂ ಅಪಚಾರ. ಬೆಳಿಗ್ಗೆ ಸಂಜೆ ಬೇಸರಿಸದೆ ಕುಳಿತು ಆ ಕೈಯನ್ನು ಮುಟ್ಟಲು ಅವನಿಗೊಂದು ಕಾರಣ ದೊರೆಯಿತೆಂದಷ್ಟೇ ಹೇಳುತ್ತೇನೆ. ವ್ಯಾಯಾಮದ ಚೀಟಿ ಕೆಲವು ವಾರಗಳಲ್ಲಿ ಹಳೆಯದಾಗುತ್ತದೆ, ಪೂಜೆ ಹಳೆಯದಾಗುವುದಿಲ್ಲ.

ಒಬ್ಬ ಹಿರಿಯರು ಆಕ್ಷೇಪಿಸಿದರು. ಸತ್ತ ಕೈಯಲ್ಲಿ ಲಿಂಗವಿಡುವುದು ಸಲ್ಲದು, ಅದು ಅವನ ಹಿಂದಿನ ಕರ್ಮದ ಫಲ ಎಂದರು. ಅವರ ವಯಸ್ಸಿಗೆ ಗೌರವ ಸಲ್ಲಿಸಿಯೇ ಈ ಮಾತನ್ನು ಅಲ್ಲಗಳೆಯುತ್ತೇನೆ. ಜನನ, ಮರಣ, ಜಾತಿ, ಉಚ್ಛಿಷ್ಟ, ರಜಸ್ಸೆಂಬ ಐದು ಸೂತಕಗಳನ್ನೂ ತೊಡೆದುಹಾಕಿದ ಧರ್ಮದಲ್ಲಿ ಆರನೆಯದಾಗಿ ನರಸೂತಕವೊಂದನ್ನು ನಾವು ಹುಟ್ಟುಹಾಕಬೇಕೆ? ಲಿಂಗವು ಅಂಗದ ಮೇಲಿರುವುದು ಅಂಗವು ಪರಿಪೂರ್ಣವಾಗಿದೆ ಎಂಬ ಕಾರಣಕ್ಕಲ್ಲ. ರೋಗಿಯ ಎದುರು ಕರ್ಮದ ಲೆಕ್ಕ ತೆಗೆಯುವುದು ನಮ್ಮವರಲ್ಲಿ ಇನ್ನೂ ಹೋಗದಿರುವುದು ಖೇದಕರ.

ಇನ್ನು ಕಾಯಕದ ವಿಚಾರ. ಕಾಯಕವನ್ನು ಕೈಲಾಸವೆಂದೇ ಬಗೆದು, ಅದರಲ್ಲಿ ನಿರತನಾದಾಗ ಗುರು ಲಿಂಗ ಜಂಗಮದ ಹಂಗನ್ನೂ ಹರಿಯಬೇಕೆಂದವರು ಮಾರಯ್ಯನವರು. ನುಲಿಯ ಚಂದಯ್ಯನವರು ಹುಲ್ಲು ಕೊಯ್ಯುವಾಗ ಲಿಂಗ ಜಾರಿ ಬಿದ್ದರೂ ಕಾಯಕವನ್ನು ಬಿಡಲಿಲ್ಲವೆಂದು ಶೂನ್ಯಸಂಪಾದನೆಯಲ್ಲಿ ಓದುತ್ತೇವೆ. ಇವನ್ನು ಈಚೆಗೆ ವೇದಿಕೆಗಳಲ್ಲಿ ಹೇಳುವ ರೀತಿ ನನಗೆ ಒಪ್ಪಿಗೆಯಿಲ್ಲ. ದುಡಿಯುವವನೇ ಮನುಷ್ಯ, ದುಡಿಯದವನು ಭಾರ ಎಂಬಂತೆ ಹೇಳಿಬಿಡುತ್ತಾರೆ. ಆ ಮಾತನ್ನು ಕೈ ಜೋತುಬಿದ್ದವನು ಪಂಕ್ತಿಯ ಹಿಂದೆ ಕುಳಿತು ಕೇಳಿಸಿಕೊಂಡರೆ ಅವನಿಗೇನಾಗಬೇಕು? ಚಂದಯ್ಯನವರ ಪ್ರಸಂಗದ ಸಾರವಿರುವುದು ಉತ್ಪತ್ತಿಯ ಪ್ರಮಾಣದಲ್ಲಲ್ಲ. ಹಗ್ಗ ಎಷ್ಟು ಮಾರು ಹೊಸೆದರೆಂದು ಯಾವ ಪುರಾಣವೂ ಲೆಕ್ಕವಿಟ್ಟಿಲ್ಲ.

ನಮ್ಮ ತರುಣನಿಗೂ ಈ ತಪ್ಪು ತಿಳುವಳಿಕೆಯೇ ಮೊದಲು ಬಾಧಿಸಿತು. ಮನೆಯಲ್ಲಿ ಅವ್ವ ಒಂದು ತಂಬಿಗೆಯನ್ನೂ ಎತ್ತಗೊಡಲಿಲ್ಲ. ಅನ್ನ ಕಲಸಿ ಕೊಡುತ್ತಿದ್ದಳು. ಆರು ತಿಂಗಳು ಹಾಗೆ ಕುಳಿತವನು ಒಂದು ದಿನ ರೋಷದಿಂದ ಎದ್ದು, ಒಂದೇ ಕೈಯಲ್ಲಿ ಗೊಬ್ಬರದ ಚೀಲವನ್ನೆಳೆದು, ಜೋಳಿಗೆಯಂತೆ ಕೈಯನ್ನು ತೂಗುವ ಪಟ್ಟಿಯನ್ನೂ ಕಟ್ಟದೆ ದಿನವಿಡೀ ಹೊಲದಲ್ಲಿ ಓಡಾಡಿದ. ಸಂಜೆಗೆ ಭುಜ ಕೀಲಿನಿಂದ ಜಾರಿದಂತಾಗಿ, ಕೈ ಊದಿ, ಮಿಂಚು ಹೊಡೆದಂಥ ನೋವಿನಿಂದ ರಾತ್ರಿಯೆಲ್ಲ ನಿದ್ದೆಯಿಲ್ಲ. ನಿಂತ ಕಾಯಕ ಒಂದು ಕಡೆ, ಮಿಕ್ಕ ಅಕ್ಕಿ ಇನ್ನೊಂದು ಕಡೆ. ಲಕ್ಕಮ್ಮನವರ ಎರಡು ಮಾತುಗಳೂ ನನಗೆ ಆಗ ಒಟ್ಟಿಗೆ ನೆನಪಾದವು. ಸ್ನಾಯುವನ್ನು ಹಿಡಿದಿಡುವ ನರವಿಲ್ಲದಾಗ ಕೈಯ ಭಾರವೇ ಭುಜದ ಕೀಲನ್ನು ಜಗ್ಗುತ್ತದೆ; ಆದ್ದರಿಂದ ನಡೆದಾಡುವಾಗ ಪಟ್ಟಿ ಬೇಕೇಬೇಕು. ಆದರೆ ನೋವಿಗೆ ಹೆದರಿ ಪುನಃ ಮಲಗಿದರೂ ಕೆಡುಕೇ. ಇಂಥ ನರನೋವು ಮನಸ್ಸು ಒಂದು ಕೆಲಸದಲ್ಲಿ ತೊಡಗಿದಾಗ ಹಿಂದೆ ಸರಿಯುತ್ತದೆಂದು ರೋಗಿಗಳು ಹೇಳುತ್ತಾರೆ. ವೈದ್ಯರೂ ಅದನ್ನು ಕಂಡಿದ್ದಾರೆ.

ಅಪ್ಪಗಳು ಅವನಿಗೆ ದಾಸೋಹದಲ್ಲಿ ಉಪ್ಪು ಬಡಿಸುವ ಸೇವೆ ಕೊಟ್ಟರು. ಬಡಿಸಲು ಒಂದು ಕೈಯಲ್ಲಿ ಪಾತ್ರೆ, ಇನ್ನೊಂದರಲ್ಲಿ ಸೌಟು ಬೇಕಲ್ಲ! ಅವನು ಉಪ್ಪಿನ ಡಬ್ಬಿಯನ್ನು ಸೊಂಟಕ್ಕೆ ಕಟ್ಟಿಕೊಂಡ. ಎಡಗೈ ಪಟ್ಟಿಯಲ್ಲಿ, ಬಲಗೈಯಲ್ಲಿ ಚಮಚ. ಮೊದಲ ದಿನ ಒಂದು ಪಂಕ್ತಿ ಮಾತ್ರ. ತಿಂಗಳ ಮೇಲೆ ಎರಡು. ಒಲೆಯ ಬಳಿಗೆ ಹೋಗುವಂತಿಲ್ಲ, ಬಿಸಿ ಪಾತ್ರೆ ಮುಟ್ಟುವಂತಿಲ್ಲ. ರಾತ್ರಿ ಮಲಗುವ ಮುನ್ನ ಎಡಗೈಯ ಚರ್ಮವನ್ನು ಬೆಳಕಿನಲ್ಲಿ ತಿರುಗಿಸಿ ನೋಡಬೇಕು. ಎಲ್ಲಿಯಾದರೂ ಕೆಂಪಾಗಿದೆಯೇ, ಗೀರಿದೆಯೇ ಎಂದು. ನೋವಿಲ್ಲದ ಕೈಗೆ ಕಣ್ಣೇ ಕಾವಲು. 1946ರಲ್ಲಿ ವೆಲ್ಲೂರಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ ಅವರು ಕುಷ್ಠರೋಗಿಗಳ ಕೈಗಳಲ್ಲಿ ಕಂಡುಕೊಂಡದ್ದೂ ಇದನ್ನೇ. ಬೆರಳುಗಳು ರೋಗದಿಂದ ತಾವಾಗಿ ಕೊಳೆಯುವುದಿಲ್ಲ. ನರ ಸತ್ತು ನೋವು ತಿಳಿಯದೆ ದಿನದಿನದ ಗಾಯಗಳಿಂದ ಸವೆಯುತ್ತವೆ. ಹಾಗೆಂದು ಅವರು ರೋಗಿಗಳ ಕೈ ಕಟ್ಟಿ ಕೂರಿಸಲಿಲ್ಲ. ಕೈಗಳನ್ನು ಶಸ್ತ್ರಚಿಕಿತ್ಸೆಯಿಂದ ಸರಿಪಡಿಸಿ, ಬಡಗಿ ಕೆಲಸ ಕಲಿಸಿ, ಕೈಗೆ ಗಾಯವಾಗದ ಹಾಗೆ ಉಪಕರಣ ಹಿಡಿಯುವುದನ್ನು ಅಭ್ಯಾಸ ಮಾಡಿಸಿದರು. ಅದನ್ನೋದಿದಾಗ ಕಲ್ಯಾಣದ ಶರಣರು ನೆನಪಾದರೆ ಆಶ್ಚರ್ಯವಿಲ್ಲ.

ಶಸ್ತ್ರಚಿಕಿತ್ಸೆಯಾಗಿ ಸುಮಾರು ಹತ್ತು ತಿಂಗಳಾದ ಮೇಲೆ ಒಂದು ಮುಂಜಾನೆ, ಪೂಜೆಗೆ ಕುಳಿತವನು ಕೆಮ್ಮಿದಾಗ ತೋಳಿನ ಸ್ನಾಯು ಮಿಡುಕಿತು. ಅವನು ಹೆದರಿ ನನ್ನನ್ನು ಕೂಗಿದ. ಇದರ ಮರ್ಮ ಹೀಗೆ: ಪಕ್ಕೆಲುಬಿನ ನರಗಳು ಉಸಿರಾಟದ ನರಗಳು. ಅವನ್ನು ತೋಳಿಗೆ ಜೋಡಿಸಿದಾಗ, ಮೊದಮೊದಲು ದೀರ್ಘವಾಗಿ ಉಸಿರೆಳೆದರೆ ಮಾತ್ರ ತೋಳು ಮಡಿಚಿಕೊಳ್ಳುತ್ತದೆ. ಉಸಿರು ಬೇರೆ, ತೋಳು ಬೇರೆ ಎಂಬುದನ್ನು ಮೆದುಳು ಸಾವಕಾಶವಾಗಿ ಕಲಿಯಬೇಕು. ಅದಕ್ಕೆ ತಿಂಗಳುಗಟ್ಟಲೆ ಅಭ್ಯಾಸ ಬೇಕು. ಷಟ್‌ಸ್ಥಲದ ಪ್ರಾಣಲಿಂಗಿ ಸ್ಥಲವನ್ನು ಪಾಠ ಹೇಳುವ ನನಗೆ ಉಸಿರಿನಿಂದ ಮೇಲೇಳುವ ಆ ಕೈಯನ್ನು ಕಂಡು ಮಾತು ಹೊರಡಲಿಲ್ಲ. ಈ ಹೋಲಿಕೆಯನ್ನು ಹೆಚ್ಚು ಎಳೆಯಬಾರದೆಂದು ಬಲ್ಲೆ. ಪ್ರಾಣಲಿಂಗಿಯ ಅನುಭಾವ ಬೇರೆಯದೇ. ಆದರೂ ಕಂಡದ್ದನ್ನು ಬರೆದಿದ್ದೇನೆ.

ಎಲ್ಲವೂ ಮರಳಿ ಬಂದಿತೆಂದು ಹೇಳಿ ಯಾರಿಗೂ ಹುಸಿ ಆಸೆ ತೋರಲಾರೆ. ಕುತ್ತಿಗೆಯಿಂದ ಬೆರಳಿನ ತುದಿಗೆ ಇರುವ ದೂರವನ್ನು ದಿನಕ್ಕೊಂದು ಮಿಲಿಮೀಟರಿನಂತೆ ಕ್ರಮಿಸಲು ಎರಡು ವರ್ಷಕ್ಕೂ ಹೆಚ್ಚು ಕಾಲ ಬೇಕು. ಅಷ್ಟರಲ್ಲಿ ಅಂಗೈಯ ಸಣ್ಣ ಸ್ನಾಯುಗಳು ಒಣಗಿರುತ್ತವೆ. ಆದ್ದರಿಂದಲೇ ವೈದ್ಯರು ಮೊದಲು ಮೊಣಕೈ ಮತ್ತು ಭುಜಕ್ಕೆ ಗಮನ ಕೊಡುತ್ತಾರೆ. ಅವನ ಬೆರಳುಗಳು ಇಂದಿಗೂ ಹಿಡಿಯುವುದಿಲ್ಲ. ಅಂಗವೈಕಲ್ಯದ ಪ್ರಮಾಣಪತ್ರ ಮಾಡಿಸಲು ಮೊದಲು ಅವನು ಒಪ್ಪಲಿಲ್ಲ. ಸರಿಹೋಗುವ ಕೈಗೆ ಪತ್ರವೇಕೆ ಎಂದ. 2016ರ ಕಾಯಿದೆಯಂತೆ ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯವಿದ್ದವರಿಗೆ ಸಲ್ಲುವ ಸೌಲಭ್ಯಗಳು ಭಿಕ್ಷೆಯಲ್ಲ, ಹಕ್ಕು ಎಂದು ತಿಳಿಹೇಳಿ ಕಳುಹಿಸಬೇಕಾಯಿತು.

ಈಗ ಅವನು ಟ್ರ್ಯಾಕ್ಟರ್ ನಡೆಸುವುದಿಲ್ಲ. ಮನೆಯ ಬೀಜ ಗೊಬ್ಬರದ ಲೆಕ್ಕ, ದಾಸೋಹದ ಉಗ್ರಾಣದ ಪುಸ್ತಕ ಎರಡನ್ನೂ ನೋಡಿಕೊಳ್ಳುತ್ತಾನೆ. ಅವ್ವ ಈಗ ಅನ್ನ ಕಲಸಿ ಕೊಡುವುದಿಲ್ಲ. ಕಳೆದ ಶ್ರಾವಣದ ಮೊದಲ ಸೋಮವಾರ ಸಾಮೂಹಿಕ ಲಿಂಗಪೂಜೆಯಲ್ಲಿ ಅವನು ನನ್ನ ಎದುರಿನ ಸಾಲಿನಲ್ಲಿ ಕುಳಿತಿದ್ದ. ಬೆರಳುಗಳನ್ನು ಬಲಗೈಯಿಂದಲೇ ಬಿಡಿಸಿ, ಲಿಂಗವನ್ನಿಟ್ಟುಕೊಂಡು, ಬಲಗೈಯನ್ನು ಹಿಂತೆಗೆದ. ಒಂದು ದೀರ್ಘ ಉಸಿರು. ಮೊಣಕೈ ಮಡಿಚಿತು, ಅಂಗೈ ತೊಡೆಯಿಂದ ಎದ್ದು, ನಡುಗುತ್ತ, ಎದೆಯ ಮಟ್ಟಕ್ಕೆ ಬಂದು ನಿಂತಿತು.