ಅಂಗಡಿಯ ತಂಪು ಪೆಟ್ಟಿಗೆ

ಬಿಳಿಗೆರೆಯ ಸುತ್ತಿನ ಊರುಗಳಲ್ಲಿ ಬೇಕರಿ, ಹಾಲಿನ ಅಂಗಡಿ ತೆರೆಯಬಯಸುವ ಬಂಧುಗಳಿಗೆ ನಾವು ಹೇಳಬೇಕಾದುದು ಒಂದಿದೆ: ಗಾಜಿನ ಫ್ರಿಜ್ಜು ಅಲಂಕಾರದ ಬೀರುವಲ್ಲ.

ಸಾಗಿಸುವಾಗ ಅದು ಓರೆಯಾಗಿದ್ದರೆ ಕಂಪ್ರೆಸರಿನ ಎಣ್ಣೆ ಮರಳಿ ಕೆಳಗಿಳಿಯುವಂತೆ ಕೆಲವು ಗಂಟೆ ಬಿಟ್ಟು ವಿದ್ಯುತ್ ಕೊಡಬೇಕು. ಬಿಸಿಲು ತಾಗದೆಡೆಯಲ್ಲಿ, ಬಿಸಿಗಾಳಿ ಹೊರಹೋಗಲು ಜಾಗ ಬಿಟ್ಟು, ಮಟ್ಟವಾಗಿ ನಿಲ್ಲಿಸಬೇಕು. ಅರ್ಥಿಂಗನ್ನು ಮರೆಯಲಾಗದು.

ಹಾಲು, ಮೊಸರು, ಕೆನೆಯ ಕೇಕುಗಳಿಗೆ 5 ಡಿಗ್ರಿ ಸೆಲ್ಸಿಯಸ್ ಮೀರದ ತಂಪು ಬೇಕು, ಒಳಗೊಂದು ಉಷ್ಣಮಾಪಕವಿರಲಿ. ಈ ಪೆಟ್ಟಿಗೆ ತಣ್ಣಗಿರುವುದನ್ನು ತಣ್ಣಗಿಡಬಲ್ಲುದೇ ಹೊರತು ಬಿಸಿಯ ತಿನಿಸನ್ನು ಬೇಗನೆ ಆರಿಸಲಾರದು. ಬಿಲ್ಲು ಉಳಿಸಲೆಂದು ರಾತ್ರಿ ಸ್ವಿಚ್ಚು ಆರಿಸುವವರನ್ನೂ ನಾವು ಕಂಡಿದ್ದೇವೆ. ಬೆಳಿಗ್ಗೆ ಮತ್ತೆ ಹಾಕಿದರೆ ಎಲ್ಲವೂ ತಣ್ಣಗಾಗುತ್ತದೆ, ನಿಜ. ಆದರೆ ಇರುಳಿನಲ್ಲಿ ಬೆಳೆದ ಸೂಕ್ಷ್ಮಾಣುಗಳು ಆ ತಂಪಿಗೆ ಸಾಯುವುದಿಲ್ಲ. ಹಾಲನ್ನಾದರೆ ಮನೆಯಲ್ಲಿ ಕಾಯಿಸುತ್ತಾರೆ, ಕೇಕನ್ನು ಕಾಯಿಸುವವರಾರು? ತಿನ್ನುವುದು ನೆರೆಮನೆಯ ಮಗು. ಕರೆಂಟು ಹೋದಾಗ ಬಾಗಿಲು ತೆರೆಯದಿರಬೇಕು. ಬಹಳ ಹೊತ್ತಾಗಿ ಮಾಪಕ ಏರಿದ್ದರೆ ನಷ್ಟವಾದರೂ ಮಾರದಿರಬೇಕು.

ನಂಜನಗೂಡಿನ ರಸಬಾಳೆಯನ್ನು ಮಾತ್ರ ಒಳಗಿಡಬೇಡಿ. ಸುಮಾರು 13 ಡಿಗ್ರಿಗಿಂತ ಕೆಳಗಿನ ತಂಪಿಗೆ ಬಾಳೆಯ ಸಿಪ್ಪೆ ಕಪ್ಪಾಗುತ್ತದೆ. ಅದಕ್ಕೆ ನೆರಳಿನಲ್ಲಿ ತೂಗುವ ಹಗ್ಗವೇ ಸಾಕು.