ಒಂದು ಸಮಚಿಹ್ನೆ ಕಡಿಮೆಯಾದಾಗ

2003ರ ನವೆಂಬರ್ ತಿಂಗಳ ಮೊದಲ ವಾರ. ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯ 50 ಲಕ್ಷಕ್ಕೂ ಮಿಕ್ಕ ಸಾಲುಗಳ ನಡುವೆ ಯಾರೋ ಸದ್ದಿಲ್ಲದೆ ಎರಡು ಸಾಲು ತುರುಕಿದ್ದರು. ನೋಡುವುದಕ್ಕೆ ಅವು ತೀರಾ ಸಾಧು ಸಾಲುಗಳು. ಯಾವುದಾದರೂ ಪ್ರೋಗ್ರಾಂ ಇಂಥಿಂಥ ವಿಚಿತ್ರ ಆಯ್ಕೆಗಳೊಡನೆ ಕೋರಿಕೆ ಸಲ್ಲಿಸಿದರೆ, ಜೊತೆಗೆ ಕೋರಿದ ಬಳಕೆದಾರನ ಸಂಖ್ಯೆ ಸೊನ್ನೆಯಾಗಿದ್ದರೆ, ‘ತಪ್ಪು ಕೋರಿಕೆ’ ಎಂದು ವಾಪಸು ಕಳಿಸು ಎನ್ನುವಂತಿದ್ದವು.

ಸಿ ಭಾಷೆ ಕಲಿತ ವಿದ್ಯಾರ್ಥಿಗಳಿಗೆ ಇಲ್ಲಿನ ಮರ್ಮ ಹೊಳೆದೀತು. ಆ ಭಾಷೆಯಲ್ಲಿ ‘ಇದು ಅದಕ್ಕೆ ಸಮವೇ?’ ಎಂದು ಕೇಳಲು ಎರಡು ಸಮಚಿಹ್ನೆಗಳನ್ನು ಒತ್ತಾಗಿ ಬರೆಯಬೇಕು. ಒಂದನ್ನೇ ಬರೆದರೆ ಅದು ಪ್ರಶ್ನೆಯಾಗುವುದಿಲ್ಲ, ಅಪ್ಪಣೆಯಾಗುತ್ತದೆ. ತುರುಕಿದ ಸಾಲಿನಲ್ಲಿ ಇದ್ದದ್ದು ಒಂದೇ. ಹಾಗಾಗಿ ‘ಇವನ ಸಂಖ್ಯೆ ಸೊನ್ನೆಯೇ?’ ಎಂದು ಕೇಳುವ ಬದಲು ಅದು ‘ಇವನ ಸಂಖ್ಯೆಯನ್ನು ಸೊನ್ನೆ ಮಾಡು’ ಎಂದು ಹೇಳುತ್ತಿತ್ತು. ಲಿನಕ್ಸಿನಲ್ಲಿ ಸೊನ್ನೆ ಎಂದರೆ ಯಂತ್ರದ ಯಜಮಾನ. ಗುಟ್ಟು ತಿಳಿದ ಯಾವ ಸಾಮಾನ್ಯ ಬಳಕೆದಾರನೂ ಕ್ಷಣಾರ್ಧದಲ್ಲಿ ಇಡೀ ಗಣಕಕ್ಕೆ ಒಡೆಯನಾಗಬಹುದಿತ್ತು. ತಪ್ಪಿನ ಸಂದೇಶವೂ ಬರುತ್ತಿರಲಿಲ್ಲ!

ಕಳ್ಳ ಸಿಕ್ಕಲಿಲ್ಲ, ಆದರೆ ಕಳ್ಳತನ ಸಿಕ್ಕಿತು. ಅಸಲಿ ಪ್ರತಿ ಆಗ ಬಿಟ್‌ಕೀಪರ್ ಎಂಬ ತಂತ್ರಾಂಶದ ಉಸ್ತುವಾರಿಯಲ್ಲಿತ್ತು. ಅದನ್ನು ಬಳಸಲೊಲ್ಲದವರ ಅನುಕೂಲಕ್ಕೆಂದು ಬೇರೆಡೆ ಇನ್ನೊಂದು ನಕಲು ಇಡಲಾಗಿತ್ತು. ಒಳನುಗ್ಗಿದವನು ಕೈಯಾಡಿಸಿದ್ದು ಈ ನಕಲಿನ ಮೇಲೆ. ಎರಡನ್ನೂ ತಾಳೆ ನೋಡುವ ಯಾಂತ್ರಿಕ ತಪಾಸಣೆಯಲ್ಲಿ, ನಕಲಿನಲ್ಲಿದ್ದ ಒಂದು ಬದಲಾವಣೆಗೆ ಅಸಲಿನಲ್ಲಿ ಲೆಕ್ಕವೇ ಇಲ್ಲವೆಂಬುದು ಬಯಲಾಯಿತು.

ಇಷ್ಟು ದೊಡ್ಡ ಬರಹವನ್ನು ಹೇಗೆ ಜೋಡಿಸಿಡುತ್ತಾರೆ, ಅದರಿಂದ ಓಡುವ ವ್ಯವಸ್ಥೆಯನ್ನು ಹೇಗೆ ಕಟ್ಟುತ್ತಾರೆ ಎಂಬುದು ನಿಜಕ್ಕೂ ಕುತೂಹಲದ ಸಂಗತಿ. ಬಿಸಿಬೇಳೆ ಭಾತ್ ತಿಂದು ಅದರ ಅಳತೆ, ಹದ, ಮಸಾಲೆಯನ್ನೆಲ್ಲ ಕರಾರುವಾಕ್ಕಾಗಿ ಹೇಳುವುದು ಕಷ್ಟ. ಅಂಗಡಿಯಿಂದ ತಂದ ತಂತ್ರಾಂಶವೂ ಹಾಗೆಯೇ. ಅದು ಯಂತ್ರಕ್ಕೆ ಮಾತ್ರ ತಿಳಿಯುವ ಸೊನ್ನೆ-ಒಂದುಗಳ ರಾಶಿ. ಮನುಷ್ಯರು ಓದಬಲ್ಲ ಮೂಲಪಾಠಕ್ಕೆ ಸೋರ್ಸ್ ಕೋಡ್ ಎಂದು ಹೆಸರು. ಲಿನಕ್ಸಿನಲ್ಲಿ ಈ ಮೂಲಪಾಠವೇ ಎಲ್ಲರ ಕೈಗೂ ಸಿಗುತ್ತದೆ.

1991ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದ 21 ವರ್ಷದ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಇದನ್ನು ಬರೆಯತೊಡಗಿದಾಗ ಅದು ಸುಮಾರು 10,000 ಸಾಲಿನ ಪುಟ್ಟ ಸಂಗತಿ. ಆಗ ಅದಕ್ಕೆ ಸ್ವಂತ ಕಾಲೂ ಇರಲಿಲ್ಲ. ಲಿನಕ್ಸನ್ನು ಕಟ್ಟಬೇಕೆಂದರೆ ಮಿನಿಕ್ಸ್ ಎಂಬ ಇನ್ನೊಂದು ವ್ಯವಸ್ಥೆಯೊಳಗೆ ಕುಳಿತು ಕಟ್ಟಬೇಕಿತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ಹೊರಬಂದ 0.11 ಆವೃತ್ತಿಯ ಹೊತ್ತಿಗೆ ಲಿನಕ್ಸ್ ತನ್ನನ್ನು ತಾನೇ ಕಟ್ಟಿಕೊಳ್ಳಬಲ್ಲದಾಯಿತು. ಈ ನಡುವೆ ಟೋರ್ವಾಲ್ಡ್ಸ್ ಒಮ್ಮೆ ಮೋಡೆಮ್ಮಿಗೆ ಕಳಿಸಬೇಕಾದ ದೂರವಾಣಿ ಆಜ್ಞೆಯನ್ನು ಕೈತಪ್ಪಿ ಹಾರ್ಡ್ ಡಿಸ್ಕಿಗೆ ಕಳಿಸಿದ. ಮಿನಿಕ್ಸ್ ಅಳಿಸಿಹೋಯಿತು. ಅದನ್ನು ಮತ್ತೆ ಹಾಕಿಕೊಳ್ಳುವ ಗೋಜಿಗೇ ಅವನು ಹೋಗಲಿಲ್ಲ.

ಇಂದು ಈ ಮೂಲಪಾಠ ಸುಮಾರು 4 ಕೋಟಿ ಸಾಲುಗಳಷ್ಟು ಬೆಳೆದಿದೆ. ಬಿಚ್ಚಿ ನೋಡಿದರೆ ಮೇಲುಗಡೆ ಕಾಣುವುದು ಎರಡು ಡಜನ್ನಿನಷ್ಟು ಕೋಶಗಳು ಮಾತ್ರ. ‘ಎಂಎಂ’ ಕೋಶದಲ್ಲಿ ಸ್ಮರಣೆಯ ಹಂಚಿಕೆ, ‘ಎಫ್‌ಎಸ್’ನಲ್ಲಿ ಕಡತಗಳ ವ್ಯವಸ್ಥೆ, ‘ನೆಟ್’ನಲ್ಲಿ ಜಾಲ ಸಂಪರ್ಕ. ‘ಕರ್ನೆಲ್’ ಎಂಬ ಹೆಸರಿನ ಕೋಶವೂ ಇದೆ. ಇಡೀ ಕರ್ನೆಲ್ಲಿನ ಬಹುಪಾಲು ಅದರ ಹೊರಗೇ ಇರುವುದು ಹೊಸಬರನ್ನು ತಬ್ಬಿಬ್ಬು ಮಾಡುತ್ತದೆ. ಅರ್ಧಕ್ಕಿಂತ ಹೆಚ್ಚು ಸಾಲುಗಳನ್ನು ನುಂಗಿ ಕುಳಿತಿರುವುದು ‘ಡ್ರೈವರ್ಸ್’ ಕೋಶ. ಜಗತ್ತಿನಲ್ಲಿರುವ ಬಗೆಬಗೆಯ ಮೌಸು, ಡಿಸ್ಕು, ಕ್ಯಾಮೆರಾಗಳ ಜೊತೆ ಮಾತಾಡುವ ಚಾಲಕ ತಂತ್ರಾಂಶಗಳು ಅಲ್ಲಿವೆ.

‘ಆರ್ಚ್’ ಎಂಬ ಕೋಶದ ಹಿಂದಿರುವುದು ಜಾಣತನ. ಚಿಪ್ಪಿನಿಂದ ಚಿಪ್ಪಿಗೆ ಬದಲಾಗುವ ಭಾಗಗಳನ್ನು ಮಾತ್ರ ಬೇರೆ ಮಾಡಿ, ಒಂದೊಂದು ಬಗೆಯ ಚಿಪ್ಪಿಗೂ ಒಂದೊಂದು ಉಪಕೋಶ ಮಾಡಿ ಅಲ್ಲಿಟ್ಟಿದ್ದಾರೆ. ಉಳಿದದ್ದೆಲ್ಲ ಎಲ್ಲರಿಗೂ ಒಂದೇ. ಹೀಗಾಗಿಯೇ ಅದೇ ಮೂಲಪಾಠದಿಂದ ಮೇಜಿನ ಗಣಕಕ್ಕೂ, ಅಂಗೈಯಗಲದ ಫೋನಿಗೂ ಕರ್ನೆಲ್ ಕಟ್ಟಬಹುದು. ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಸಂಸ್ಥೆಯ ಎಂಜಿನಿಯರುಗಳು ಸೇರಿ ರೂಪಿಸಿದ ಕೈಗಣಕ ‘ಸಿಂಪ್ಯೂಟರ್’ ಕೂಡ ಸ್ಟ್ರಾಂಗ್‌ಆರ್ಮ್ ಚಿಪ್ಪಿನ ಮೇಲೆ ಲಿನಕ್ಸನ್ನೇ ಓಡಿಸುತ್ತಿತ್ತು.

ಕಟ್ಟುವ ಕೆಲಸಕ್ಕೆ ಮೊದಲು ಆಯ್ಕೆ. ಸಾವಿರಾರು ಪ್ರಶ್ನೆಗಳಿರುತ್ತವೆ, ಒಂದೊಂದಕ್ಕೂ ‘ಬೇಕು’, ‘ಬೇಡ’ ಎನ್ನಬಹುದು. ಅನೇಕ ಕಡೆ ‘ಇರಲಿ, ಕರೆದಾಗ ಬರಲಿ’ ಎಂಬ ಮೂರನೆಯ ಉತ್ತರಕ್ಕೂ ಅವಕಾಶವಿದೆ. ಹೀಗೆ ಬೇಡಿಕೆಯ ಪಟ್ಟಿ ಸಿದ್ಧವಾದ ಮೇಲೆ ‘ಮೇಕ್’ ಎಂಬ ಒಂದೇ ಮಾತು ಟೈಪು ಮಾಡಿದರೆ ಸಾಕು. ಕಂಪೈಲರ್ ಒಂದೊಂದೇ ಕಡತವನ್ನು ಯಂತ್ರಭಾಷೆಗೆ ತಿರುಗಿಸುತ್ತದೆ, ಲಿಂಕರ್ ಆ ತುಣುಕುಗಳನ್ನೆಲ್ಲ ಹೊಸೆದು ಒಂದು ಮಾಡುತ್ತದೆ. ಮಗನೋ ಮಗಳೋ ಕಪ್ಪು ಪರದೆಯ ಮೇಲೆ ಬಿಳಿಯ ಸಾಲುಗಳು ಸರಸರನೆ ಓಡುವುದನ್ನೇ ಗಂಟೆಗಟ್ಟಲೆ ನೋಡುತ್ತ ಕುಳಿತಿದ್ದರೆ ತಂದೆತಾಯಿ ಗಾಬರಿಯಾಗಬೇಕಿಲ್ಲ. ಬಹುಶಃ ಕರ್ನೆಲ್ ಬೇಯುತ್ತಿದೆ. ಹಳೆಯ ಕರ್ನೆಲ್ಲನ್ನು ಅಳಿಸದೆ ಪಕ್ಕದಲ್ಲಿಟ್ಟುಕೊಂಡಿದ್ದಾರೆಯೇ ಎಂದು ಒಂದು ಮಾತು ಕೇಳಿದರೆ ಸಾಕು. ಹೊಸದು ಕೈಕೊಟ್ಟರೆ ಗಣಕವನ್ನು ಮತ್ತೆ ಎಬ್ಬಿಸಲು ಅದು ಬೇಕಾಗುತ್ತದೆ.

ಈ ‘ಮೇಕ್’ ಲಿನಕ್ಸಿಗಿಂತ 15 ವರ್ಷ ಹಿರಿಯ. 1976ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಸ್ಟೀವ್ ಜಾನ್ಸನ್ ಎಂಬಾತ ತನ್ನ ಪ್ರೋಗ್ರಾಮಿನ ದೋಷವೊಂದನ್ನು ಹುಡುಕುತ್ತ ಇಡೀ ಬೆಳಗು ಕಳೆದಿದ್ದ. ದೋಷವನ್ನು ಅವನು ಆಗಲೇ ತಿದ್ದಿದ್ದ. ಆದರೆ ತಿದ್ದಿದ ಕಡತವನ್ನು ಮತ್ತೆ ಕಂಪೈಲ್ ಮಾಡಲು ಮರೆತಿದ್ದ, ಅಷ್ಟೆ! ಅವನ ಗೋಳು ಕೇಳಿದ ಸಹೋದ್ಯೋಗಿ ಸ್ಟುವರ್ಟ್ ಫೆಲ್ಡ್‌ಮನ್ ಬರೆದದ್ದೇ ಮೇಕ್. ಅದರ ಉಪಾಯ ಸರಳ. ಯಾವುದು ಯಾವುದರ ಮೇಲೆ ಅವಲಂಬಿಸಿದೆ ಎಂದು ಮೇಕ್‌ಫೈಲ್ ಎಂಬ ಕಡತದಲ್ಲಿ ಬರೆದಿಟ್ಟರಾಯಿತು. ಸಿದ್ಧವಸ್ತುವಿಗಿಂತ ಮೂಲ ಕಡತದ ತಾರೀಖು-ಗಂಟೆ ಹೊಸದಾಗಿದ್ದರೆ ಅದನ್ನಷ್ಟೇ ಮತ್ತೆ ಕಟ್ಟುತ್ತದೆ, ಉಳಿದದ್ದನ್ನು ಮುಟ್ಟುವುದಿಲ್ಲ. ಸಾವಿರಾರು ಕಡತಗಳಲ್ಲಿ ಒಂದನ್ನು ತಿದ್ದಿದವನಿಗೆ ಇದರಿಂದ ಉಳಿಯುವ ಸಮಯ ಎಷ್ಟೆಂದು ಊಹಿಸಬಹುದು. ಲಿನಕ್ಸ್‌ನವರು ಇದರ ಮೇಲೆ ತಮ್ಮದೇ ಕಟ್ಟಳೆಗಳನ್ನು ಹೇರಿಕೊಂಡಿದ್ದಾರೆ. ಆಯ್ಕೆಯ ಪಟ್ಟಿ ಬದಲಾದರೂ ಯಾವ ಕಡತಕ್ಕೆ ಬಿಸಿ ತಟ್ಟುತ್ತದೆ ಎಂಬುದನ್ನು ಅವು ಲೆಕ್ಕ ಹಾಕುತ್ತವೆ.

ಮೇಕ್‌ಫೈಲಿನಲ್ಲಿ ಆಜ್ಞೆಯ ಸಾಲು ಟ್ಯಾಬ್ ಕೀಲಿಯಿಂದಲೇ ಶುರುವಾಗಬೇಕು. ಎಂಟು ಖಾಲಿ ಜಾಗ ಬಿಟ್ಟು ಬರೆದರೆ ಕಣ್ಣಿಗೆ ಒಂದೇ ಥರ ಕಂಡರೂ ಮೇಕ್ ಒಪ್ಪುವುದಿಲ್ಲ. ಇದು ತೊಡಕೆಂದು ಫೆಲ್ಡ್‌ಮನ್ನನಿಗೆ ಕೆಲವೇ ವಾರಗಳಲ್ಲಿ ಗೊತ್ತಾಗಿತ್ತು. ಆದರೆ ಅಷ್ಟರಲ್ಲಿ ಹನ್ನೆರಡು ಮಂದಿಯಷ್ಟು ಗೆಳೆಯರು ಅದನ್ನು ಬಳಸತೊಡಗಿದ್ದರು. ಅವರಿಗೆ ತೊಂದರೆ ಕೊಡುವುದು ಬೇಡವೆಂದು ಸುಮ್ಮನಾದ. ಆ ಹನ್ನೆರಡು ಮಂದಿಯ ದಾಕ್ಷಿಣ್ಯಕ್ಕೆ ಇವತ್ತಿಗೂ ಕಾಲೇಜು ಮಕ್ಕಳು ಲ್ಯಾಬಿನಲ್ಲಿ ತಲೆ ಕೆರೆದುಕೊಳ್ಳುತ್ತಾರೆ.

ಇನ್ನು ಕಾವಲಿನ ಮಾತು. 2005ರಲ್ಲಿ ಬಿಟ್‌ಕೀಪರ್ ಮಾಲೀಕರು ಉಚಿತ ಪರವಾನಗಿ ಹಿಂತೆಗೆದುಕೊಂಡಾಗ ಟೋರ್ವಾಲ್ಡ್ಸ್ ಏಪ್ರಿಲ್ 3ರಂದು ತಾನೇ ಒಂದು ಸಾಧನ ಬರೆಯಲು ಕುಳಿತ. 7ನೆಯ ತಾರೀಖಿನ ಹೊತ್ತಿಗೆ ಆ ಸಾಧನದ ಮೂಲಪಾಠವನ್ನು ಆ ಸಾಧನವೇ ಕಾಪಾಡುತ್ತಿತ್ತು. ಅದೇ ‘ಗಿಟ್’. ಅದರಲ್ಲಿ ಪ್ರತಿ ಕಡತದ ಒಳಪಠ್ಯದಿಂದ 40 ಅಕ್ಷರಗಳ ಒಂದು ಹೆಬ್ಬೆಟ್ಟಿನ ಗುರುತು ಹುಟ್ಟುತ್ತದೆ. ಕೋಶದ ಗುರುತು ಅದರೊಳಗಿನ ಕಡತಗಳ ಗುರುತುಗಳಿಂದ ಹುಟ್ಟುತ್ತದೆ. ಪ್ರತಿ ಹೊಸ ಬದಲಾವಣೆಯ ಗುರುತಿನಲ್ಲಿ ಹಿಂದಿನದರ ಗುರುತೂ ಸೇರಿರುತ್ತದೆ. ಎಲ್ಲೋ ಹತ್ತು ವರ್ಷ ಹಿಂದಿನ ಒಂದು ಸಮಚಿಹ್ನೆ ತೆಗೆದರೂ ಅಲ್ಲಿಂದ ಮುಂದಿನ ಎಲ್ಲ ಗುರುತುಗಳೂ ಬದಲಾಗುತ್ತವೆ. ಜಗತ್ತಿನಾದ್ಯಂತ ಪೂರ್ಣ ಪ್ರತಿ ಇಟ್ಟುಕೊಂಡವರ ಕಣ್ಣು ತಪ್ಪಿಸಿ ಹೀಗೆ ಮಾಡುವುದು ಕಷ್ಟ.

ಹಾಗೆಂದು ಗುರುತು ಸರಿಯಿದ್ದ ಮಾತ್ರಕ್ಕೆ ಬರೆದದ್ದು ಸರಿಯೆಂದೇನೂ ಅಲ್ಲ. ಮುಂಬಾಗಿಲಿನಿಂದ ಬಂದ ತಪ್ಪನ್ನು ಗಿಟ್ ಹಿಡಿಯಲಾರದು. ಅದಕ್ಕೆ ಮನುಷ್ಯರೇ ಓದಬೇಕು. ಮೂಲಪಾಠದ ಜೊತೆಯಲ್ಲೇ ‘ಮೇಂಟೇನರ್ಸ್’ ಎಂಬ ಕಡತವಿದೆ. ಯಾವ ಭಾಗಕ್ಕೆ ಯಾರು ಹೊಣೆ, ತಿದ್ದುಪಡಿಯನ್ನು ಯಾರಿಗೆ ಕಳಿಸಬೇಕು ಎಂಬ ಆ ಪಟ್ಟಿಯೇ 25,000 ಸಾಲು ದಾಟಿದೆ. ಹೊಣೆಗಾರರು ಓದಿ, ಒಪ್ಪಿ, ಸಹಿ ಹಾಕಿ ಮೇಲಕ್ಕೆ ಕಳಿಸುತ್ತಾರೆ. ಒಂಬತ್ತು ಹತ್ತು ವಾರಕ್ಕೊಂದರಂತೆ ಹೊಸ ಆವೃತ್ತಿ ಹೊರಬೀಳುತ್ತದೆ.

ಆ ಪಟ್ಟಿಯ ತೀರಾ ಕೊನೆಯ ನಮೂದು ‘ಉಳಿದದ್ದೆಲ್ಲ’ ಎಂದಿದೆ. ಹೊಣೆಗಾರ: ಲಿನಸ್ ಟೋರ್ವಾಲ್ಡ್ಸ್. ಪ್ರತಿ ವಿಭಾಗದ ಸದ್ಯದ ಸ್ಥಿತಿ ತಿಳಿಸಲೆಂದಿರುವ ಸಾಲಿನಲ್ಲಿ ಈತನ ಮುಂದೆ ಬರೆದಿರುವುದು ಇಷ್ಟು: ಪತ್ರಿಕಾ ವರದಿಗಾರರ ನಡುವೆ ಜೀವಂತ ಸಮಾಧಿ.