ಆಟದ ಯಂತ್ರವೂ ದುರಸ್ತಿಯ ಹಕ್ಕೂ

ಹಣ ಕೊಟ್ಟು ಕೊಂಡ ವಸ್ತುವಿನ ಮೇಲೆ ಕೊಂಡವನಿಗೆ ಇರತಕ್ಕ ಅಧಿಕಾರವೆಷ್ಟು ಎಂಬ ಪ್ರಶ್ನೆಯು ರೈತನ ಟ್ರ್ಯಾಕ್ಟರು, ಗೃಹಸ್ಥನ ಮೋಟಾರು ಮುಂತಾದ ದೊಡ್ಡ ಯಂತ್ರಗಳ ವಿಷಯದಲ್ಲಿ ಮಾತ್ರ ಏಳತಕ್ಕದ್ದೆಂದು ಅನೇಕರು ಭಾವಿಸಿರುವರು. ಆದರೆ ಮಕ್ಕಳು ಕೈಯಲ್ಲಿ ಹಿಡಿದು ಆಡುವ ಒಂದು ಹಳೆಯ ಆಟದ ಯಂತ್ರವೂ ಈ ಪ್ರಶ್ನೆಯನ್ನು ಅಷ್ಟೇ ಗಂಭೀರವಾಗಿ ಎತ್ತಬಲ್ಲದು. ಆಟಿಕೆಯ ಮಾತೆಂದು ವಾಚಕರು ಇದನ್ನು ತಳ್ಳಿಹಾಕಬಾರದೆಂದು ಕೋರುತ್ತೇವೆ.

ಜಪಾನಿನ ಸೆಗಾ ಕಂಪನಿಯವರು 1990ರ ಅಕ್ಟೋಬರಿನಲ್ಲಿ ಗೇಮ್ ಗಿಯರ್ ಎಂಬ ಯಂತ್ರವನ್ನು ಮಾರುಕಟ್ಟೆಗೆ ತಂದರು. ಹಿಂದಿನ ವರ್ಷ ಬಂದಿದ್ದ ನಿಂಟೆಂಡೋ ಕಂಪನಿಯ ಗೇಮ್ ಬಾಯ್ ಬಣ್ಣವಿಲ್ಲದ ತೆರೆಯೊಡನೆ ನಾಲ್ಕು ಸೆಲ್ಲುಗಳಿಂದ ನಡೆಯುತ್ತಿತ್ತು. ಗೇಮ್ ಗಿಯರಿಗೆ ಬಣ್ಣದ ತೆರೆಯೂ ಅದರ ಹಿಂದೆ ಬೆಳಗುವ ಪುಟ್ಟ ದೀಪವೂ ಇದ್ದವು; ಈ ವೈಭವಕ್ಕೆ ಬೆಲೆಯಾಗಿ ಅದು ಆರು ಸೆಲ್ಲುಗಳನ್ನು ಮೂರರಿಂದ ಐದು ಗಂಟೆಗಳೊಳಗೆ ನುಂಗಿಬಿಡುತ್ತಿತ್ತು. ಹಾಗಿದ್ದರೂ ಒಂದು ಕೋಟಿಗೂ ಮಿಕ್ಕಿ ಯಂತ್ರಗಳು ಮಾರಾಟವಾದವು. 2001ರಲ್ಲಿ ಸೆಗಾ ಕಂಪನಿಯು ಆಟದ ಯಂತ್ರಗಳ ಪೈಪೋಟಿಯಿಂದಲೇ ಹಿಂದೆ ಸರಿಯಿತು. ಮಾರಿದವರು ಸರಿದರು, ಯಂತ್ರಗಳು ಕೊಂಡವರ ಮನೆಗಳಲ್ಲಿ ಉಳಿದವು.

ಹೀಗೆ ಉಳಿದವುಗಳಲ್ಲಿ ಬಹುಪಾಲು ಇಂದು ಒಂದೇ ರೋಗದಿಂದ ನರಳುತ್ತಿವೆ. ಯಂತ್ರದೊಳಗಿನ ಸಣ್ಣ ಕೆಪಾಸಿಟರುಗಳಲ್ಲಿ ತುಂಬಿರುವ ದ್ರವವು ವರ್ಷಗಳು ಕಳೆದಂತೆ ಒಸರಿ, ಫಲಕದ ಮೇಲಿನ ತಾಮ್ರದ ಗೆರೆಗಳನ್ನು ತಿನ್ನುತ್ತದೆ. ಧ್ವನಿ ಅಡಗುವುದು, ತೆರೆ ಮಬ್ಬಾಗುವುದು, ಗುಂಡಿಯೊತ್ತಿದ ಒಡನೆ ಹೊತ್ತಿದ ದೀಪ ಮರುಕ್ಷಣವೇ ಆರುವುದು, ಇವೇ ಅದರ ಲಕ್ಷಣಗಳು. ಸೆಲ್ಲುಗಳಿಂದ ಬರುವ ಸುಮಾರು ಒಂಬತ್ತು ವೋಲ್ಟುಗಳನ್ನು ಯಂತ್ರದ ಬುದ್ಧಿಭಾಗಕ್ಕೆ ಬೇಕಾದ ಐದು ವೋಲ್ಟುಗಳಿಗೆ ಇಳಿಸಿ, ತೆರೆಗೆ ಬೇಕಾದ ಮೂವತ್ತಕ್ಕೂ ಮೇಲ್ಪಟ್ಟ ವೋಲ್ಟುಗಳಿಗೆ ಏರಿಸಿ ಕೊಡುವ ಕೆಲಸ ಒಂದು ಪ್ರತ್ಯೇಕವಾದ ಚಿಕ್ಕ ಫಲಕದ್ದು. ಈ ಫಲಕ ಕೆಟ್ಟರೆ ಮಿಕ್ಕದ್ದೆಲ್ಲ ಸುಸ್ಥಿತಿಯಲ್ಲಿದ್ದರೂ ವ್ಯರ್ಥವೇ. ಜಠರ ಕೆಟ್ಟವನ ಮುಂದೆ ಮೃಷ್ಟಾನ್ನ ಬಡಿಸಿದಂತೆ ಹೊಸ ಸೆಲ್ಲು ಹಾಕಿ ಫಲವಿಲ್ಲ.

ಇದಕ್ಕೆ ಪರಿಹಾರ ಕಂಡುಕೊಂಡವರು ಯಾರು? ಕಂಪನಿಯವರಲ್ಲ, ಸರ್ಕಾರವೂ ಅಲ್ಲ. ನಾನಾ ದೇಶಗಳ ಹವ್ಯಾಸಿಗಳು. ಅವರು ಹಳೆಯ ಫಲಕವನ್ನು ಬಿಚ್ಚಿ, ಅಳತೆಮಾಡಿ, ಅದರ ಜಾಗದಲ್ಲಿ ಕೂಡುವಂತಹ ಹೊಸ ಫಲಕಗಳನ್ನು ತಾವೇ ರಚಿಸಿದರು. ಒಸರುವ ದ್ರವವಿಲ್ಲದ ಪಿಂಗಾಣಿ ಜಾತಿಯ ಕೆಪಾಸಿಟರುಗಳೂ, ಕಡಿಮೆ ವಿದ್ಯುತ್ತನ್ನು ಶಾಖವಾಗಿ ಪೋಲುಮಾಡುವ ಈಗಿನ ನಿಯಂತ್ರಕಗಳೂ ಅವುಗಳಲ್ಲಿವೆ. ಬೆಸುಗೆಯ ಕೆಲಸ ಬಲ್ಲವನು ಹಳೆಯದನ್ನು ತೆಗೆದು, ಸೋರಿದ ದ್ರವದ ಕಲೆಯನ್ನು ತೊಳೆದು, ಹೊಸದರ ವೋಲ್ಟುಗಳನ್ನು ಮೀಟರಿನಲ್ಲಿ ನೋಡಿಕೊಂಡ ಮೇಲೆ ಮುಖ್ಯ ಫಲಕಕ್ಕೆ ಜೋಡಿಸಿದರೆ, ಮೂರು ದಶಕದ ಯಂತ್ರ ಮತ್ತೆ ಉಸಿರಾಡುತ್ತದೆ. ಧ್ವನಿಯ ಫಲಕದ ಮತ್ತು ಮುಖ್ಯ ಫಲಕದ ಕೆಪಾಸಿಟರುಗಳನ್ನೂ ಜೊತೆಯಲ್ಲಿಯೇ ಬದಲಿಸುವುದು ವಿವೇಕ.

ಮೂಲ ಭಾಗವನ್ನು ತೆಗೆದರೆ ಪುರಾತನ ವಸ್ತುವಿನ ನೈಜತೆ ಕೆಡುವುದೆಂದು ಸಂಗ್ರಾಹಕರಲ್ಲಿ ಕೆಲವರು ಆಕ್ಷೇಪಿಸುವರು. ಇದು ತಿರಸ್ಕರಿಸತಕ್ಕ ಮಾತಲ್ಲ. ಆದರೆ ಈ ಫಲಕವು ಬೇರೆಯಾಗಿಯೇ ಇರುವುದರಿಂದ ತೆಗೆದದ್ದನ್ನು ಜೋಪಾನವಾಗಿಟ್ಟು ಬೇಕೆಂದಾಗ ಮರಳಿ ಕೂಡಿಸಬಹುದು; ಬದಲಿಸದೆ ಬಿಟ್ಟರೆ ಸೋರಿದ ದ್ರವವು ತಿಂದುಹಾಕಿದ ತಾಮ್ರವನ್ನು ಮರಳಿ ತರಲಾಗದು. ಆಡಲೆಂದು ಮಾಡಿದ ಯಂತ್ರದ ನೈಜತೆ ಆಟದಲ್ಲಿದೆಯೇ ಹೊರತು ಮೌನದಲ್ಲಿಲ್ಲವೆಂದು ನಮ್ಮ ಅಭಿಪ್ರಾಯ.

ಇಷ್ಟಾದ ಮೇಲೆ ಶಾಸನಕರ್ತರು ಮಾಡಿದ್ದೇನೆಂಬುದನ್ನು ನೋಡೋಣ. ಅಮೆರಿಕದ ಮಿನ್ನೆಸೋಟ ಮತ್ತು ಕ್ಯಾಲಿಫೋರ್ನಿಯಾ ಸಂಸ್ಥಾನಗಳು 2023ರಲ್ಲಿ ದುರಸ್ತಿಯ ಹಕ್ಕಿನ ಶಾಸನಗಳನ್ನು ಮಾಡಿದವು. ಎರಡೂ 2024ರ ಜುಲೈ 1ರಿಂದ ಜಾರಿಗೆ ಬಂದವು. ಬಿಡಿಭಾಗ, ಉಪಕರಣ, ಕೈಪಿಡಿಗಳನ್ನು ಬಳಕೆದಾರರಿಗೂ ಸ್ವತಂತ್ರ ದುರಸ್ತಿಗಾರರಿಗೂ ಒದಗಿಸಬೇಕೆಂದು ಅವು ತಯಾರಕರಿಗೆ ವಿಧಿಸಿದವು. ಆದರೆ ಎರಡರಲ್ಲಿಯೂ ಆಟದ ಯಂತ್ರಗಳನ್ನು ಹೆಸರಿಸಿ ಹೊರಗಿಡಲಾಯಿತು! ಯೂರೋಪಿನ ಒಕ್ಕೂಟವು 2024ರಲ್ಲಿ ಅಂಗೀಕರಿಸಿದ ನಿರ್ದೇಶದ ಪಟ್ಟಿಯಲ್ಲಿ ಬಟ್ಟೆ ಒಗೆಯುವ ಯಂತ್ರವಿತ್ತು, ಶೀತಕಪಾಟಿತ್ತು, ಮೊಬೈಲಿತ್ತು, ಆಟದ ಯಂತ್ರವಿರಲಿಲ್ಲ.

ಈ ಪಂಕ್ತಿಭೇದಕ್ಕೆ ತಯಾರಕರು ಕೊಡುವ ಕಾರಣ, ಯಂತ್ರವನ್ನು ತೆರೆಯಗೊಟ್ಟರೆ ಆಟಗಳ ಕಳ್ಳಪ್ರತಿಗಳು ಹೆಚ್ಚುವುವು ಎಂಬುದು. ಕೃತಿಸ್ವಾಮ್ಯವನ್ನು ಕಾಯಬೇಕೆಂಬುದರಲ್ಲಿ ನಮಗೂ ಭಿನ್ನಾಭಿಪ್ರಾಯವಿಲ್ಲ. ಆದರೆ ವಿದ್ಯುತ್ತು ಒದಗಿಸುವ ಮಂಡಲಕ್ಕೂ ಕಳ್ಳಪ್ರತಿಗೂ ಇರುವ ಸಂಬಂಧವೇನು? ಐದು ವೋಲ್ಟುಗಳಲ್ಲಿ ಯಾವ ಗ್ರಂಥಕರ್ತನ ಸ್ವತ್ತು ಅಡಗಿದೆ? ಮನೆಯ ಖಜಾನೆಗೆ ಬೀಗ ಹಾಕುವುದು ನ್ಯಾಯ. ಅದರ ನೆಪದಲ್ಲಿ ಒಲೆಗೂ ಬೀಗ ಹಾಕುವುದು ನ್ಯಾಯವಲ್ಲ. ಅಪಾಯದ ಮಾತನ್ನೆತ್ತುವವರಿಗೂ ಉತ್ತರವಿದೆ. ನಕ್ಷೆಯಿಲ್ಲದೆ ತಡಕಾಡುವ ಕೈಗೇ ಅಪಾಯ ಹೆಚ್ಚು. ನಕ್ಷೆ ನೋಡಿ ಕೆಲಸಮಾಡುವ ಕೈಗೆ ಕಡಿಮೆ.

ಹಿಂದಿನ ಕಾಲದ ಅನೇಕ ರೇಡಿಯೋ ಪೆಟ್ಟಿಗೆಗಳ ಒಳಬದಿಗೆ ಅದರ ಮಂಡಲದ ನಕ್ಷೆಯನ್ನೇ ಅಂಟಿಸಿರುತ್ತಿದ್ದರು. ಆ ನಕ್ಷೆಯಿಂದ ಯಾವ ಕಂಪನಿಯೂ ದಿವಾಳಿಯಾಗಲಿಲ್ಲ. ಎಷ್ಟೋ ಊರುಗಳಲ್ಲಿ ಎಷ್ಟೋ ದುರಸ್ತಿಗಾರರ ಹೊಟ್ಟೆ ತುಂಬಿತು. ಅನಂತರ ಬಂದ ಗೇಮ್ ಬಾಯಿಯ ಬೆನ್ನಿಗಾದರೋ ಸಾಮಾನ್ಯ ತಿರುಪುಳಿಗೆ ಒಗ್ಗದ ಮೂರು ರೆಕ್ಕೆಯ ತಿರುಪುಗಳನ್ನು ಹಾಕಿದರು. ನಕ್ಷೆಯಿಂದ ತಿರುಪಿನವರೆಗಿನ ಈ ಪಯಣವನ್ನು ಪ್ರಗತಿಯೆಂದು ಕರೆಯಲು ನಮಗೆ ನಾಲಿಗೆ ಬಾರದು.

ಇದು ಪರದೇಶದ ವ್ಯವಹಾರವೆಂದು ನಾವು ಸುಮ್ಮನಿರುವಂತೆಯೂ ಇಲ್ಲ. ನಮ್ಮ ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರ ಜುಲೈಯಲ್ಲಿ ದುರಸ್ತಿಯ ಹಕ್ಕಿಗಾಗಿ ಸಮಿತಿಯನ್ನು ನೇಮಿಸಿ, ಕೃಷಿ ಸಲಕರಣೆ, ಮೊಬೈಲು ಮತ್ತು ಟ್ಯಾಬ್ಲೆಟ್ಟು, ಗೃಹೋಪಯೋಗಿ ವಸ್ತು, ಮೋಟಾರು ವಾಹನ ಎಂಬ ನಾಲ್ಕು ವಿಭಾಗಗಳನ್ನು ಗುರುತಿಸಿತು. ಅದೇ ಡಿಸೆಂಬರ್ 24ರಂದು ಒಂದು ಪೋರ್ಟಲನ್ನೂ ಆರಂಭಿಸಿತು. ಉಪಕ್ರಮ ಶ್ಲಾಘ್ಯವೇ. ಆದರೆ ಮಾಹಿತಿಯನ್ನು ಒಂದೆಡೆ ಕೂಡಿಸುವುದು ಬೇರೆ, ಕೊಡಲೇಬೇಕೆಂದು ಕಟ್ಟುಮಾಡುವುದು ಬೇರೆ.

ಆದುದರಿಂದ ನಮ್ಮಲ್ಲಿ ಶಾಸನ ರಚಿಸತಕ್ಕವರು ಅಮೆರಿಕದ ಶಾಸನಗಳ ಗುಣವನ್ನು ಅನುಕರಿಸಲಿ, ಅವುಗಳ ಈ ಲೋಪವನ್ನಲ್ಲ. ಯಾವ ಯಂತ್ರವೇ ಆಗಲಿ, ಅದರ ವಿದ್ಯುತ್ತಿನ ಮಂಡಲವನ್ನು ಯಾವ ವಿನಾಯಿತಿಯೂ ಮುಟ್ಟಬಾರದು. ತಯಾರಕನು ಬಿಡಿಭಾಗ ಒದಗಿಸುವುದನ್ನು ನಿಲ್ಲಿಸಿದ ದಿನವೇ ಅದರ ನಕ್ಷೆಯನ್ನು ಪ್ರಕಟಿಸತಕ್ಕದ್ದು. ಈ ಎರಡು ವಿಧಿಗಳಿಗೆ ತಗಲುವ ವೆಚ್ಚ ಅತ್ಯಲ್ಪ. ಇಲ್ಲವಾದರೆ ನಾಲ್ಕಾಣೆಯ ಭಾಗ ಕೆಟ್ಟದ್ದಕ್ಕೆ ಇಡೀ ಯಂತ್ರವನ್ನೇ ಕಸಕ್ಕೆ ಎಸೆಯುವ ದುಂದುಗಾರಿಕೆಯೇ ನಮ್ಮ ಪಾಲಿಗೆ ಉಳಿಯುವುದು. ಇಂದು ಅಂಗಡಿಯಲ್ಲಿ ಹೊಳೆಯುತ್ತಿರುವ ಯಂತ್ರಗಳೂ ಮೂವತ್ತು ವರ್ಷಗಳ ಮೇಲೆ ಹಳೆಯವಾಗತಕ್ಕವೇ ಎಂಬುದನ್ನು ಅಧಿಕಾರಿಗಳು ನೆನೆಯಲಿ.